ಗಾಳಿಯನ್ನು ಹಂಚಿದವಳು

ಹಂದನಕೆರೆಯಿಂದ ಕೊಡೆಗಲ್ಲು ಗುಡ್ಡದ ಕಡೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಯಮುನಾ ಯಾವಾಗಲೂ ಎಡಗಡೆಯ ಕಿಟಕಿ ಹುಡುಕಿ ಕೂರುತ್ತಿದ್ದಳು. ತೆಂಗಿನ ತೋಟಗಳು ಮುಗಿದು ಹೊಲ ಶುರುವಾಗುವ ತಿರುವಿನಲ್ಲಿ, ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ಆ ಕಡೆಯಿಂದ ಒಟ್ಟಿಗೇ ಕಾಣುತ್ತವೆ. ಮಂಜು ಬಿದ್ದ ದಿನಗಳಲ್ಲಿ ಕಂಬಗಳು ಕಾಣುವುದಿಲ್ಲ. ಬಿಳಿಯ ರೆಕ್ಕೆಗಳು ಮಾತ್ರ ಯಾವ ಆಸರೆಯೂ ಇಲ್ಲದೆ ಆಕಾಶದಲ್ಲಿ ಸುತ್ತುತ್ತಿರುತ್ತವೆ. ಅವನ್ನು ನೋಡುತ್ತ ನೋಡುತ್ತ ಅವಳು ಎಷ್ಟೋ ಸಲ ಇಳಿಯುವ ಸ್ಟಾಪನ್ನೇ ಮರೆತಿದ್ದಳು. ಕಂಡಕ್ಟರ್‌ಗೆ ಇದು ಗೊತ್ತಿತ್ತು. "ಯಮುನಮ್ಮ, ಫ್ಯಾನು ಬಂತು ಇಳೀರಿ" ಎಂದು ಕೂಗುತ್ತಿದ್ದ. ನಮ್ಮ ಕಡೆ ಯಾರೂ ಅವನ್ನು ಗಾಳಿಯಂತ್ರ ಅನ್ನುವುದಿಲ್ಲ, ಫ್ಯಾನು ಅನ್ನುತ್ತಾರೆ.

ಯಮುನಾ ಹುಟ್ಟಿದ್ದು ಅದೇ ಗುಡ್ಡದ ಬುಡದ ಹಟ್ಟಿಯಲ್ಲಿ. ಅಪ್ಪ ಚಿತ್ತಯ್ಯ ಕುರಿ ಸಾಕಿದವನು. ಅವ್ವ ಬೋರಕ್ಕ. ಅವಳು ಲಂಗ ತೊಟ್ಟ ಕಾಲದಲ್ಲಿ ಗುಡ್ಡದ ಮೇಲೆ ಕಂಬವೂ ಇರಲಿಲ್ಲ, ರಸ್ತೆಯೂ ಇರಲಿಲ್ಲ. ಬಾದೆಹುಲ್ಲು, ಕಾರೆಮುಳ್ಳು, ಕೊಡೆಯಂತೆ ಬಾಗಿದ ಒಂದು ಬಂಡೆ, ಅಷ್ಟೆ. ರಜಾ ದಿನಗಳಲ್ಲಿ ಅಪ್ಪನ ಹಿಂದೆ ಕುರಿ ಕಾಯಲು ಹೋದಾಗ ಆ ಬಂಡೆಯ ಕೆಳಗೆ ಮಲಗಿ ಗಾಳಿಯ ಸದ್ದು ಕೇಳುತ್ತಿದ್ದಳು. ಆಮೇಲೆ ಲಾರಿಗಳು ಬಂದವು. ಒಂದೊಂದು ರೆಕ್ಕೆಯೂ ಒಂದು ಬೀದಿಯಷ್ಟು ಉದ್ದ. ಶೆಟ್ಟಿಕೆರೆ ಕಡೆಯಿಂದ ಅವು ತೋಟಗಳ ನಡುವೆ ಇರುವೆ ಹೆಜ್ಜೆಯಲ್ಲಿ ಬರುವುದನ್ನು ನೋಡಲು ಇಡೀ ಹಟ್ಟಿ ರಸ್ತೆಗೆ ಬಂದಿತ್ತು. ಎಲ್ಲರೂ ಲಾರಿಯ ಚಕ್ರ ಎಣಿಸುತ್ತಿದ್ದರೆ ಯಮುನಾ, ಇದು ತಿರುಗುವಾಗ ಒಳಗೆ ಏನಾಗುತ್ತದೆ ಎಂದು ಯೋಚಿಸುತ್ತಿದ್ದಳು. ಅದೇ ಯೋಚನೆ ಅವಳನ್ನು ತಿಪಟೂರಿನ ಹಾಸ್ಟೆಲ್ಲಿಗೂ, ಎಲೆಕ್ಟ್ರಿಕಲ್ ಡಿಪ್ಲೊಮಾಕ್ಕೂ, ಕೊನೆಗೆ ಅದೇ ಗುಡ್ಡದ ಕಂಟ್ರೋಲ್ ರೂಮಿಗೂ ಕರೆದುಕೊಂಡು ಬಂತು. ಅವಳು ಮದುವೆಯಾದ ಚಿತ್ತೇಶ್ ಹಂದನಕೆರೆಯವನು. ಗೂಡ್ಸ್ ಆಟೋದಲ್ಲಿ ಎಳನೀರು ತುಂಬಿಕೊಂಡು ಊರೂರು ಸುತ್ತುತ್ತಾನೆ. "ನಾನು ಊರಿಗೆಲ್ಲ ನೀರು ಹಂಚ್ತೀನಿ, ಇವ್ಳು ಗಾಳಿ ಹಂಚ್ತಾಳೆ" ಎಂದು ಗೆಳೆಯರ ಮುಂದೆ ನಗುತ್ತಿದ್ದ.

ಕಂಟ್ರೋಲ್ ರೂಮಿನ ಪರದೆಯ ಮೇಲೆ ಒಂದೊಂದು ಫ್ಯಾನೂ ಒಂದೊಂದು ಹಸಿರು ಚುಕ್ಕಿ. ಪಕ್ಕದಲ್ಲಿ ಗಾಳಿಯ ವೇಗ, ರೆಕ್ಕೆಯ ಓರೆ, ಹುಟ್ಟುತ್ತಿರುವ ಕರೆಂಟು. ಪಡುವಣದ ಅಂಚಿನಲ್ಲಿ ಮುಂದಿನ ಸಾಲು. ಅದರ ಹಿಂದೆ, ಮೂಡಣದ ದಿಣ್ಣೆಯ ಮೇಲೆ, ಇನ್ನೊಂದು ಸಾಲು. ಮುಂದಿನ ಸಾಲಿನ ಮೊದಲನೆಯ ಫ್ಯಾನು ನಿಂತಿದ್ದುದು ಅವಳು ಮಲಗುತ್ತಿದ್ದ ಬಂಡೆಯ ಪಕ್ಕದಲ್ಲೇ. ಅವಳು ಅದನ್ನು ಯಜಮಾನ ಎಂದು ಕರೆಯುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಕರೆಂಟು ಕೊಡುತ್ತಿದ್ದುದು ಅದೇ. ಅದರ ನೇರ ಹಿಂದೆ ನಿಂತದ್ದಕ್ಕೆ ಮಂಕ ಎಂದು ಹೆಸರು. ಪಡುವಣ ಗಾಳಿ ನೇರವಾಗಿ ಬೀಸಿದ ದಿನ ಮಂಕ ತೂಕಡಿಸುತ್ತಿತ್ತು. ಗಾಳಿ ಯಜಮಾನನ ರೆಕ್ಕೆ ದಾಟುವಾಗ ಚಿಂದಿಯಾಗಿ, ಮಣ್ಣುರಸ್ತೆಯಲ್ಲಿ ಬಸ್ಸಿನ ಹಿಂದೆ ಧೂಳು ಸುತ್ತುವಂತೆ ಸುತ್ತುತ್ತ, ಸೊರಗಿ ಹಿಂದಿನದನ್ನು ಮುಟ್ಟುತ್ತದೆ ಎಂದು ಅವಳು ಓದಿದ್ದಳು. ಆದರೆ ಗಾಳಿ ಕಾಣುವುದಿಲ್ಲವಲ್ಲ. ಮಧ್ಯಾಹ್ನದ ಊಟವಾದ ಮೇಲೆ, ರೂಮಿನ ತಣ್ಣನೆಯ ಗುಂಯ್ ಸದ್ದಿನಲ್ಲಿ ಅರೆಗಣ್ಣಾಗಿ ಕೂತು, ಆ ಕಾಣದ ಸುಳಿಗಳನ್ನು ಕಲ್ಪಿಸಿಕೊಳ್ಳುತ್ತಿದ್ದಳು. ಕೆಲವು ಸಲ ಅವು ಒಣಹಾಕಿದ ಸೀರೆಗಳಂತೆ ಕಾಣುತ್ತಿದ್ದವು, ಕೆಲವು ಸಲ ಕೆರೆಯ ನೀರಿನೊಳಗೆ ಹಾವು ಹೋದ ಹಾಗೆ.

ಇಷ್ಟು ನೆಮ್ಮದಿಯಾಗಿದ್ದ ಕೆಲಸಕ್ಕೆ ಕಳೆದ ಬೇಸಿಗೆಯಲ್ಲಿ ತೊಂದರೆ ಬಂತು.

ಆ ವರ್ಷ ವೈಶಾಖದಲ್ಲಿ ಸಂಜೆಯ ಹೊತ್ತು ಗಾಳಿ ಇದ್ದಕ್ಕಿದ್ದಂತೆ ಎದ್ದು ಇದ್ದಕ್ಕಿದ್ದಂತೆ ಬೀಳುತ್ತಿತ್ತು. ಗುಡ್ಡದ ಕರೆಂಟು ಹೋಗಿ ಸೇರುವ ಸಬ್‌ಸ್ಟೇಷನ್ನಿನಿಂದಲೇ ಸುತ್ತಲಿನ ಹಳ್ಳಿಗಳಿಗೂ ಲೈನು. ತೋಟದ ಪಂಪುಗಳೆಲ್ಲ ಓಡುವಾಗ ಹಟ್ಟಿಯ ಬಲ್ಬುಗಳು ಮಿಣುಕುಹುಳವಾಗುತ್ತಿದ್ದವು. ಪಂಪುಗಳ ಸರದಿ ಮುಗಿದು, ಅದೇ ಹೊತ್ತಿಗೆ ಗುಡ್ಡದ ಮೇಲೆ ಗಾಳಿ ಎದ್ದರೆ ವೋಲ್ಟೇಜು ಏರಿ ಬಲ್ಬುಗಳು ಕಣ್ಣು ಕುಕ್ಕುತ್ತಿದ್ದವು. ಬೋರಕ್ಕನ ಮಿಕ್ಸಿ ಹೊಗೆಯಾಡಿ ಸತ್ತಿತು. ಡೇರಿಯ ಯಂತ್ರ ಕೆಟ್ಟಿತು. ತೆಂಗಿನ ತೋಟದ ರಂಗರಾಜುವಿನ ಮೋಟರು ಸುಟ್ಟ ದಿನ ಜನ ತಾಳ್ಮೆ ಕಳೆದುಕೊಂಡರು.

ಮಾರನೆಯ ಬೆಳಿಗ್ಗೆ ಯಮುನಾ ಬಸ್ಸಿಳಿದು ನೋಡಿದರೆ ಗುಡ್ಡದ ಗೇಟಿನ ಮುಂದೆ ರಸ್ತೆ ತುಂಬ ಕುರಿ. ನಡುವೆ ಕಂಬಳಿ ಹಾಸಿಕೊಂಡು ಅವಳ ಅಪ್ಪ ಕೂತಿದ್ದ. ಪಕ್ಕದಲ್ಲಿ ರಂಗರಾಜು, ಹಟ್ಟಿಯ ಒಂದಷ್ಟು ಜನ. ಸೈಟಿನ ಮೇಲ್ವಿಚಾರಕ ಸೂರ್ಯಪ್ರಕಾಶ್ ಗೇಟಿನ ಒಳಗಿನಿಂದ ಕೈಮುಗಿದು ಕೇಳಿಕೊಳ್ಳುತ್ತಿದ್ದರು.

"ಯಜಮಾನ್ರೇ, ಗಾಡಿ ಒಳಗೆ ಬರಬೇಕು. ಕುರಿ ಪಕ್ಕಕ್ಕೆ ಹೊಡ್ಕೊಳ್ರಿ."

"ಫ್ಯಾನು ನಿಲ್ಸ್ರಿ, ಕುರಿ ಹೊಡ್ಕತೀನಿ" ಎಂದ ಚಿತ್ತಯ್ಯ. ಸಿಟ್ಟಿನ ದನಿಯಲ್ಲ, ಹವಾಮಾನ ಹೇಳಿದ ಹಾಗೆ. "ಮೊದ್ಲು ಮಳೆ ಓಡುಸ್ದ್ರಿ. ಈಗ ಮನೆ ಸಾಮಾನೆಲ್ಲ ಸುಡ್ತಾ ಇದೀರಿ."

"ಮಳೆಗೂ ಫ್ಯಾನಿಗೂ ಏನಪ್ಪ ಸಂಬಂಧ?" ಎಂದಳು ಯಮುನಾ.

"ಗಾಳಿನೆಲ್ಲ ಇವೇ ತಿಂದ್ಕಂಡ್ರೆ ಮೋಡನ ಯಾರವ್ವ ತಳ್ಕಂಡು ಬರೋರು? ನೀನು ಒಳಕ್ಕೋಗು. ನಿನ್ ಕೆಲ್ಸ ನೀನು ಮಾಡು, ನನ್ ಕೆಲ್ಸ ನಾನು ಮಾಡ್ತೀನಿ."

ಅಪ್ಪನ ಕುರಿಗಳ ನಡುವೆ ದಾರಿ ಮಾಡಿಕೊಂಡು ಅವಳು ಒಳಗೆ ಹೋದಳು. ಪರದೆಯ ಮುಂದೆ ಕೂತರೂ ಕಣ್ಣು ಕಿಟಕಿಯಲ್ಲೇ ಇತ್ತು. ಅಪ್ಪ ಸುಳ್ಳು ಹೇಳುವವನಲ್ಲ. ಮಳೆಯ ಮಾತು ತಪ್ಪಿರಬಹುದು. ಮಿಕ್ಸಿ ಸುಟ್ಟದ್ದು ತಪ್ಪಲ್ಲ.

ಆ ವಾರ ಕಂಪನಿಯ ದೊಡ್ಡ ಆಫೀಸಿನಿಂದ ಪುಷ್ಪಲತಾ ಎಂಬ ಇಂಜಿನಿಯರ್ ಬಂದಿದ್ದರು. ತುರುವೇಕೆರೆ ಕಡೆಯವರು. ಕನ್ನಡಕ, ಹತ್ತಿ ಸೀರೆ, ಕಾಲಿಗೆ ದಪ್ಪ ಬೂಟು. ಫ್ಯಾನುಗಳನ್ನು ಒಂದೊಂದಾಗಿ ಅಲ್ಲ, ಇಡೀ ಗುಂಪನ್ನು ಒಂದೇ ಆಗಿ ನಡೆಸುವ ಹೊಸ ಏರ್ಪಾಡನ್ನು ಕೂರಿಸಲು ಬಂದವರು ಅವರು. ಸೂರ್ಯಪ್ರಕಾಶ್ ಪೊಲೀಸರಿಗೆ ಫೋನ್ ಮಾಡುವ ಮಾತಾಡುತ್ತಿದ್ದಾಗ ಪುಷ್ಪಲತಾ ನೇರ ಗೇಟು ತೆಗೆಸಿ, ಹೊರಗೆ ಬಂದು, ಚಿತ್ತಯ್ಯನ ಎದುರು ನೆಲದ ಮೇಲೆ ಕೂತರು.

"ಯಾವ ಹೊತ್ತಲ್ಲಿ ಬಲ್ಬು ಜಾಸ್ತಿ ಉರೀತವೆ?" ಎಂದು ಕೇಳಿದರು.

ಚಿತ್ತಯ್ಯ ಅವರನ್ನು ಮೇಲಿಂದ ಕೆಳಗೆ ನೋಡಿದ. "ಕುರಿ ಹಟ್ಟಿಗೆ ಬಂದ್ಮೇಲೆ. ಗಾಳಿ ಬಿದ್ರೆ ಮಂಕು, ಎದ್ರೆ ಬೆಂಕಿ. ನಂಬಿಕೆ ಇಲ್ದಿದ್ರೆ ಬಂದು ನೋಡವ್ವ."

ಅವರು ಬಂದೇ ಬಿಟ್ಟರು. ಅಂದು ಸಂಜೆ ಯಮುನಾಳನ್ನು ಕರೆದುಕೊಂಡು, ಬ್ಯಾಗಿನಲ್ಲಿ ಮೀಟರ್ ಇಟ್ಟುಕೊಂಡು, ಬೋರಕ್ಕನ ನಡುಮನೆಯಲ್ಲಿ ಕೂತರು. ಬೋರಕ್ಕ ಕೊಟ್ಟ ಮಜ್ಜಿಗೆ ಕುಡಿಯುತ್ತ, ಮೀಟರಿನ ಅಂಕಿ ಏರುವುದನ್ನೂ, ಕಿಟಕಿಯಾಚೆ ಗುಡ್ಡದ ಮೇಲೆ ರೆಕ್ಕೆಗಳು ಜೋರಾಗುವುದನ್ನೂ ಒಟ್ಟಿಗೇ ನೋಡಿದರು. ಎರಡೂ ಜೊತೆಜೊತೆಗೆ ಏರುತ್ತಿದ್ದವು. ಯಮುನಾ ಇಷ್ಟು ವರ್ಷ ಗುಡ್ಡದ ಮೇಲಿನಿಂದ ಹಟ್ಟಿಯನ್ನು ನೋಡಿದ್ದಳು. ಹಟ್ಟಿಯೊಳಗೆ ಕೂತು ತನ್ನ ಕೆಲಸವನ್ನು ನೋಡಿದ್ದು ಅವತ್ತೇ ಮೊದಲು.

"ನಮ್ಮ ಫ್ಯಾನುಗಳು ಹುಟ್ಟಿದ ಕರೆಂಟನ್ನ ಲೈನಿಗೆ ತಳ್ಳಿ ಸುಮ್ಮನಾಗ್ತವೆ ಯಮುನಾ" ಎಂದರು ಪುಷ್ಪಲತಾ, ವಾಪಸು ನಡೆಯುವಾಗ. "ಲೈನಿನ ಸ್ಥಿತಿ ಹೆಂಗಿದೆ ಅಂತ ನೋಡೋದೇ ಇಲ್ಲ. ಹಾಗೆ ಇಟ್ಟಿರೋರು ನಾವೇ. ವೋಲ್ಟೇಜು ಏರಿದಾಗ ಒಂದಿಷ್ಟು ಎಳಕೊಂಡು ತಗ್ಗಿಸೋದು, ಇಳಿದಾಗ ಎತ್ತಿ ಹಿಡಿಯೋದು, ಎರಡೂ ಅವಕ್ಕೆ ಬರುತ್ತೆ. ಕೆಲಸ ಮಾಡೋ ಕರೆಂಟಿನ ಜೊತೆಗೆ, ಲೈನಲ್ಲಿ ಬರೀ ಹೋಗಿ ಬಂದು ಮಾಡೋ ಇನ್ನೊಂದು ಶಕ್ತಿ ಇರ್ತದಲ್ಲ, ರಿಯಾಕ್ಟಿವ್ ಪವರ್, ಅದನ್ನ ನಾವು ಕೈಯಲ್ಲಿ ಹಿಡಿದರೆ ವೋಲ್ಟೇಜೂ ನಮ್ಮ ಕೈಯಲ್ಲೇ."

"ಓದಿದೀನಿ ಮೇಡಂ. ಆದ್ರೆ ಅದು ನಮ್ಮನೆ ಬಲ್ಬು ಅಂತ ಅಂದ್ಕೊಂಡಿರ್ಲಿಲ್ಲ."

ಒಂದು ತೊಡಕಿತ್ತು. ಗಾಳಿ ಪೂರಾ ಇರುವಾಗ ವೋಲ್ಟೇಜನ್ನು ತಗ್ಗಿಸಲು ಹೊರಟರೆ, ಮಾರುವ ಕರೆಂಟು ಸ್ವಲ್ಪ ಕಡಿಮೆಯಾಗುತ್ತದೆ. ಸೂರ್ಯಪ್ರಕಾಶ್ ಮುಖ ಸಣ್ಣದು ಮಾಡಿಕೊಂಡರು. ಅವರ ಮೇಲಿನವರಿಗೆ ಅವರು ಉತ್ತರ ಹೇಳಬೇಕಿತ್ತು. ಪುಷ್ಪಲತಾ ಅದನ್ನು ಬೇರೆ ದಾರಿಯಲ್ಲಿ ತುಂಬಿಸೋಣ ಎಂದರು. ಮುಂದಿನ ಸಾಲಿನ ಫ್ಯಾನುಗಳನ್ನು ಗಾಳಿಗೆ ನೇರ ನಿಲ್ಲಿಸದೆ ತುಸು ಓರೆ ಮಾಡಿದರೆ, ಅವುಗಳ ಹಿಂದಿನ ಸುಳಿ ಪಕ್ಕಕ್ಕೆ ಸರಿದು ಹೋಗುತ್ತದೆ. ಮುಂದಿನವು ಸ್ವಲ್ಪ ಕಳೆದುಕೊಳ್ಳುತ್ತವೆ, ಹಿಂದಿನವು ಅದಕ್ಕಿಂತ ಹೆಚ್ಚು ಗಳಿಸುತ್ತವೆ. ಒಟ್ಟು ಲೆಕ್ಕದಲ್ಲಿ ಲಾಭ.

"ಅಂದ್ರೆ ಯಜಮಾನನ್ನ ಓರೆ ಮಾಡ್ಬೇಕಾ?" ಎಂದಳು ಯಮುನಾ. ಬಾಯಿ ತಪ್ಪಿ ಬಂದ ಹೆಸರು. ಅದು ಯಾವುದೆಂದು ವಿವರಿಸುವಾಗ ನಾಚಿಕೆಯಾಯಿತು. ಪುಷ್ಪಲತಾ ನಗಲಿಲ್ಲ. "ಹೂಂ, ಯಜಮಾನನ್ನೇ" ಎಂದರು.

ವಿದ್ಯುತ್ ಇಲಾಖೆಯ ಒಪ್ಪಿಗೆ ಬಂತು. ಅಲ್ಲಿಯವರೆಗೂ ದಿನಾ ಗೇಟಿನ ಮುಂದೆ ಕೂರುತ್ತಿದ್ದ ಚಿತ್ತಯ್ಯ, "ನನ್ ಮಗಳೇ ಮಾಡ್ತಾಳೆ ಅಂದ್ರೆ ನೋಡಾನ ಬುಡು" ಎಂದು ಕುರಿಗಳನ್ನು ಎಬ್ಬಿಸಿಕೊಂಡು ಹೋದ. ಮೊದಲ ಪ್ರಯೋಗ ವೋಲ್ಟೇಜಿನದು. ಫ್ಯಾನುಗಳು ಎಷ್ಟು ಬೇಗ ಉತ್ತರ ಕೊಡಬೇಕು ಎಂಬ ಮಾತು ಬಂದಾಗ ಯಮುನಾ, "ಆದಷ್ಟು ಬೇಗ ಮಾಡೋಣ ಮೇಡಂ, ಜನ ಕಾಯ್ತಾ ಇದಾರೆ" ಎಂದಳು. ಪುಷ್ಪಲತಾ ಒಂದು ಕ್ಷಣ ಅನುಮಾನಿಸಿದರು. ಸೂರ್ಯಪ್ರಕಾಶ್ ಕೂಡ ಹೌದೆಂದ ಮೇಲೆ ಒಪ್ಪಿದರು.

ಮಧ್ಯಾಹ್ನ ಇಳಿಯುತ್ತಿದ್ದಂತೆ ಗಾಳಿ ಎದ್ದಿತು. ವೋಲ್ಟೇಜು ಕೊಂಚ ಏರಿತು. ಗುಡ್ಡದ ಮೇಲಿನ ಫ್ಯಾನುಗಳೆಲ್ಲ ಅದನ್ನು ಒಟ್ಟಿಗೇ ಕಂಡವು, ಒಟ್ಟಿಗೇ ಎಳೆದವು. ವೋಲ್ಟೇಜು ಬೇಕಾದ್ದಕ್ಕಿಂತ ಕೆಳಕ್ಕೆ ಕುಸಿಯಿತು. ಮತ್ತೆ ಎಲ್ಲವೂ ಒಟ್ಟಿಗೇ ಎತ್ತಿದವು. ಪರದೆಯ ಮೇಲಿನ ಗೆರೆ ಉಯ್ಯಾಲೆಯಾಡತೊಡಗಿತು, ಪ್ರತಿಸಲವೂ ಮೊದಲಿಗಿಂತ ಎತ್ತರಕ್ಕೆ. ಯಮುನಾ ಕೈ ಚಾಚುವಷ್ಟರಲ್ಲಿ ಹಸಿರು ಚುಕ್ಕಿಗಳು ಒಂದರ ಹಿಂದೊಂದು ಕೆಂಪಾದವು. ಸಬ್‌ಸ್ಟೇಷನ್ ತಾನಾಗಿಯೇ ಲೈನನ್ನು ಕಡಿದುಕೊಂಡಿತು. ಹಳ್ಳಿಗಳ ಕರೆಂಟೂ ಹೋಯಿತು.

ಅವಳು ಹೊರಗೆ ಬಂದಳು. ರೆಕ್ಕೆಗಳು ನಿಧಾನವಾಗುತ್ತ, ಇನ್ನೂ ನಿಧಾನವಾಗುತ್ತ, ಒಂದೊಂದು ಒಂದೊಂದು ಭಂಗಿಯಲ್ಲಿ ನಿಂತವು. ಗಾಳಿ ಮಾತ್ರ ಬೀಸುತ್ತಲೇ ಇತ್ತು. ಇಷ್ಟು ವರ್ಷ ಹಗಲೂ ಇರುಳೂ ಕೇಳಿ ಕೇಳಿ ಕಿವಿಗೆ ಕೇಳಿಸದೇ ಹೋಗಿದ್ದ ಆ ಹುಶ್ ಹುಶ್ ಸದ್ದು ನಿಂತಾಗ, ಅದರ ಕೆಳಗೆ ಹುದುಗಿದ್ದ ಬೇರೆ ಸದ್ದುಗಳು ಮೇಲೆ ಬಂದವು: ಹುಲ್ಲಿನ ಸರಸರ, ದೂರದಲ್ಲಿ ಒಂದು ಪುರಲೆ ಹಕ್ಕಿ, ಕುರಿಯ ಕೊರಳ ಗಂಟೆ. ಲಂಗದ ಹುಡುಗಿಯಾಗಿ ಕೇಳಿದ ಗುಡ್ಡ ಅದು. ಇಷ್ಟೆಲ್ಲ ತಪ್ಪಾಗಿಯೂ ಒಂದು ಗಳಿಗೆ ಅವಳಿಗೆ ಹಿತವೆನಿಸಿತು. ಆಮೇಲೆ ಆ ಹಿತಕ್ಕೇ ಅಳು ಬಂತು.

ಗಂಟೆಯ ಸದ್ದು ಹತ್ತಿರವಾಯಿತು. ಚಿತ್ತಯ್ಯ ಕುರಿಗಳೊಂದಿಗೆ ಗುಡ್ಡ ಹತ್ತಿ ಬಂದಿದ್ದ. ಬೇಲಿಯ ಆಚೆ ನಿಂತು, ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡಿದ.

"ನಿಲ್ಸು ಅಂದ್ಯಲ್ಲಪ್ಪ, ನೋಡು, ನಿಂತವೆ" ಎಂದಳು ಯಮುನಾ, ಕಣ್ಣೊರೆಸಿಕೊಂಡು.

"ಚಂದ ಕಾಣಲ್ಲ ಕಣವ್ವ" ಎಂದ ಚಿತ್ತಯ್ಯ. "ಸತ್ತ ಕೊಕ್ಕರೆ ತೂಗಾಕ್ದಂಗೆ ಐತೆ. ತಿರುಗ್ಸು. ಸುಡದಂಗೆ ತಿರುಗ್ಸು."

ಅಷ್ಟು ಹೇಳಿ ಕುರಿಗಳ ಹಿಂದೆ ಇಳಿದುಹೋದ.

ಒಳಗೆ ಪುಷ್ಪಲತಾ ಉಯ್ಯಾಲೆಯಾಡಿದ ಗೆರೆಯನ್ನು ಹಿಂದಕ್ಕೆ ಓಡಿಸಿ ನೋಡುತ್ತಿದ್ದರು. "ಅವಸರ ಮಾಡಿದ್ವಿ. ನಾನು ತಡೀಬೇಕಿತ್ತು" ಎಂದರು. ಯಮುನಾ ಪಕ್ಕದಲ್ಲಿ ಕೂತಳು. ಇಬ್ಬರೂ ಸೇರಿ ಮೊದಲಿಂದ ಶುರು ಮಾಡಿದರು. ಈ ಸಲ ಫ್ಯಾನುಗಳು ಏರಿಳಿತವನ್ನು ಕಂಡ ಕೂಡಲೇ ಎಗರುವ ಹಾಗಿಲ್ಲ; ಸ್ವಲ್ಪ ಏರಿದರೆ ಸ್ವಲ್ಪವೇ ಉತ್ತರ, ಹೆಚ್ಚು ಏರಿದರೆ ಹೆಚ್ಚು, ಅದೂ ಸಾವಕಾಶವಾಗಿ. ಗುಂಪಿನ ಹೊರೆಯನ್ನು ಒಂದೊಂದರ ಶಕ್ತಿಗೆ ತಕ್ಕ ಹಾಗೆ ಹಂಚುವುದು. ಮತ್ತೆ ಪ್ರಯೋಗ ಮಾಡಿದ ದಿನ ಗೆರೆ ಒಮ್ಮೆ ನಡುಗಿತು, ಬಾಗಿತು, ಆಮೇಲೆ ಮಲಗಿದ ಮಗುವಿನ ಉಸಿರಿನ ಹಾಗೆ ಸಣ್ಣಗೆ ಏರಿಳಿಯುತ್ತ ಉಳಿಯಿತು.

ಉಳಿದದ್ದು ಯಜಮಾನನನ್ನು ಓರೆ ಮಾಡುವ ಕೆಲಸ. ಪರದೆಯಲ್ಲಿ ಓರೆ ಸರಿಯಾಗಿಯೇ ಕಾಣುತ್ತಿತ್ತು; ಆದರೂ ಮಂಕನಿಗೆ ಗಾಳಿ ಹೆಚ್ಚಲಿಲ್ಲ. ಯಜಮಾನನ ನೆತ್ತಿಯಲ್ಲಿ ಗಾಳಿಯ ದಿಕ್ಕು ಹೇಳುವ ಪುಟ್ಟ ಬಾಲವೇ ಸೊಟ್ಟಗಿರಬೇಕು ಎಂದರು ಪುಷ್ಪಲತಾ. ಅದನ್ನು ನೋಡಲು ಟೆಕ್ನೀಷಿಯನ್ ಮರುಳಪ್ಪ ಹತ್ತಲು ಸಜ್ಜಾದ. ಯಮುನಾ ಇದ್ದಕ್ಕಿದ್ದಂತೆ, "ನಾನೂ ಬರ್ಲಾ?" ಎಂದಳು. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಮೇಲೆ ಹೋಗಿರಲಿಲ್ಲ.

"ಕೆಳಕ್ಕೆ ನೋಡ್ಬೇಡ್ರಿ, ಅಷ್ಟೇ ಕಣ್ರೀ ಅದ್ರ ಗುಟ್ಟು" ಎಂದ ಮರುಳಪ್ಪ, ಅವಳ ಸೊಂಟದ ಪಟ್ಟಿ ಬಿಗಿಯುತ್ತ.

ಫ್ಯಾನನ್ನು ನಿಲ್ಲಿಸಿ, ಕಂಬದೊಳಗಿನ ಏಣಿ ಹತ್ತಿದರು. ಒಳಗೆ ಎಣ್ಣೆಯ ವಾಸನೆ, ಕಬ್ಬಿಣದ ತಂಪು, ತಮ್ಮದೇ ಉಸಿರಿನ ಮಾರ್ದನಿ. ಕೊನೆಗೆ ಮರುಳಪ್ಪ ನೆತ್ತಿಯ ಬಾಗಿಲು ತೆರೆದ. ಯಮುನಾ ತಲೆ ಹೊರಗಿಟ್ಟಳು.

ಜ್ಯೇಷ್ಠದ ಬೆಳಗು. ಮೋಡಗಳು ಗುಡ್ಡದ ಬೆನ್ನನ್ನು ಸವರಿಕೊಂಡು ಹೋಗುತ್ತಿದ್ದವು. ಅವು ಸರಿದ ಕಡೆಯಲ್ಲಿ ಕೆಳಗೆ ತೆಂಗು, ತೆಂಗು, ಕಣ್ಣು ಹೋಗುವಷ್ಟು ದೂರ ತೆಂಗು. ಒಂದೊಂದು ಗರಿಯೂ ಗಾಳಿಗೆ ಹೊರಳಿದಾಗ ಹಸಿರಿನ ಮೇಲೆ ಬೆಳ್ಳಿಯ ಅಲೆ ಓಡುತ್ತಿತ್ತು. ನಡುನಡುವೆ ಕೆರೆಗಳ ಹೊಳಪು. ಹಟ್ಟಿಯ ಹೆಂಚುಗಳು. ಯಾರೋ ಮಂಡಕ್ಕಿ ಚೆಲ್ಲಿದ ಹಾಗೆ ಅಪ್ಪನ ಕುರಿಗಳು. ಮರುಳಪ್ಪ ಬಾಲವನ್ನು ನೋಡಿ, "ಹೌದು ಕಣ್ರೀ, ತಿರುಚ್ಕಂಡೈತೆ" ಎನ್ನುತ್ತಿದ್ದ. ಅವಳಿಗೆ ಕೇಳಿಸಲಿಲ್ಲ. ಪಕ್ಕದ ಫ್ಯಾನಿನ ಹಿಂದೆ ನೋಡುತ್ತಿದ್ದಳು.

ಆ ಫ್ಯಾನು ತಿರುಗುತ್ತಿತ್ತು. ಒಂದು ತೆಳು ಮೋಡ ಬಂದು ಅದರ ರೆಕ್ಕೆಗಳನ್ನು ಹಾದುಹೋಯಿತು. ಹಾದದ್ದೇ ಮೋಡ ಹುರಿಗೊಂಡಿತು. ನಾರಿನ ಹಗ್ಗ ಹೊಸೆದಂತೆ ಸುತ್ತುತ್ತ ಸುತ್ತುತ್ತ, ಅಗಲವಾಗುತ್ತ, ಹಿಂದಿನ ಸಾಲಿನವರೆಗೂ ತೇಲಿಹೋಗಿ ಅಲ್ಲಿ ಇನ್ನೊಂದು ಫ್ಯಾನಿನ ಮೈಮೇಲೆ ಬಿಚ್ಚಿಕೊಂಡಿತು. ಎಷ್ಟೋ ಮಧ್ಯಾಹ್ನ ಅವಳು ಅರೆಗಣ್ಣಿನಲ್ಲಿ ಕಲ್ಪಿಸಿಕೊಂಡ ಸುಳಿ, ಬೆಳ್ಳಗೆ, ಮೆತ್ತಗೆ, ಕೈಯಳತೆಯಲ್ಲಿ ಇದ್ದ ಹಾಗೆ. ಅವಳು ಕಲ್ಪಿಸಿದ್ದ ಯಾವುದರಂತೆಯೂ ಅದು ಇರಲಿಲ್ಲ. ಇನ್ನೂ ಚೆನ್ನಾಗಿತ್ತು.

"ಯಮುನಮ್ಮ, ಸ್ಪ್ಯಾನರ್ ಕೊಡ್ರಿ" ಎಂದು ಮರುಳಪ್ಪ ಎರಡು ಸಲ ಕೂಗಬೇಕಾಯಿತು.

ಬಾಲ ನೆಟ್ಟಗಾದ ಮೇಲೆ ಯಜಮಾನ ನಿಜವಾಗಿಯೂ ಓರೆಯಾದ. ಮೊದಲ ದಿನಗಳಲ್ಲಿ ಅವನ ಅಂಕಿ ಕೆಳಗಿಳಿದದ್ದನ್ನು ನೋಡಿ ಯಮುನಾಗೆ ಸಂಕಟವಾಯಿತು. ಅದನ್ನು ಚಿತ್ತೇಶನ ಮುಂದೆ ಹೇಳಿಕೊಂಡಳು ಕೂಡ. ಅವನು, "ಫ್ಯಾನಿಗೆ ಬೇಜಾರಾಗಲ್ಲ ಕಣೇ, ನಿನಗೇ ಆಗಿರೋದು" ಎಂದು ಅವಳ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದ. ಆದರೆ ಪಡುವಣ ಗಾಳಿ ಜೋರಾದಂತೆ ಮಂಕ ಎಚ್ಚರಗೊಂಡಿತು. ಅದರ ಪಕ್ಕದವೂ ಎದ್ದವು. ವೋಲ್ಟೇಜು ಕಾಯಲು ಕಳೆದುಕೊಂಡದ್ದು ಹಿಂದಿನ ಸಾಲಿನಲ್ಲಿ ತುಂಬಿ, ಸ್ವಲ್ಪ ಮಿಕ್ಕಿತು. ಆ ಲೆಕ್ಕ ಕೈಗೆ ಬಂದ ದಿನ ಸೂರ್ಯಪ್ರಕಾಶ್ ಎಲ್ಲರಿಗೂ ಹೋಟೆಲಿನಿಂದ ಮೈಸೂರುಪಾಕು ತರಿಸಿದರು. ಹೊರಡುವ ದಿನ ಪುಷ್ಪಲತಾ ಯಮುನಾಳ ಕೈ ಹಿಡಿದು, "ಇನ್ನು ಮೇಲೆ ಇದು ನಿಮ್ಮದು. ಗಾಳಿ ಬದಲಾದ ಹಾಗೆ ಓರೆ ಬದಲಾಯಿಸೋಕೆ ನನ್ನನ್ನ ಕೇಳ್ಬೇಡಿ" ಎಂದರು.

ಆಷಾಢ ಬಂತು. ಗಾಳಿಯ ತಿಂಗಳು. ಗುಡ್ಡದ ಮೇಲೆ ನಿಂತವರ ಮಾತು ಬಾಯಿಂದ ಹೊರಡುತ್ತಲೇ ಹಾರಿಹೋಗುತ್ತಿತ್ತು. ರಂಗರಾಜು ಹೊಸ ಮೋಟರು ಇಳಿಸಿದ್ದ. ದಾರಿಯಲ್ಲಿ ಸಿಕ್ಕರೆ ಯಮುನಾಳನ್ನು ನಿಲ್ಲಿಸಿ ತೆಂಗಿಗೆ ಬಂದ ನುಸಿಯ ಬಗ್ಗೆ ಮಾತಾಡುತ್ತಿದ್ದ, ಕರೆಂಟಿನ ಬಗ್ಗೆ ಅಲ್ಲ. ಚಿತ್ತಯ್ಯ ಬೇಲಿಯ ಪಕ್ಕ ಕುರಿ ಮೇಯಿಸುತ್ತ, ಗಾಡಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದ. ಫ್ಯಾನುಗಳು ಮಳೆ ಓಡಿಸುತ್ತವೆ ಎಂಬುದನ್ನು ಮಾತ್ರ ಬಿಟ್ಟುಕೊಡಲಿಲ್ಲ.

"ಹೋದ್ವರ್ಷ ಚೆನ್ನಾಗೇ ಹುಯ್ತಲ್ಲಪ್ಪ?" ಎಂದು ಯಮುನಾ ಕೇಳಿದರೆ, "ಇವಿಲ್ದಿದ್ರೆ ಇನ್ನೂ ಹುಯ್ಯದು" ಎನ್ನುತ್ತಿದ್ದ.

ರಜೆಯ ಒಂದು ಮಧ್ಯಾಹ್ನ ಯಮುನಾ ತವರಿಗೆ ಹೋದಳು. ಹೊರಗೆ ಗಾಳಿ ಹೆಂಚುಗಳನ್ನು ಎತ್ತಲು ನೋಡುತ್ತಿತ್ತು. ಬೋರಕ್ಕ ಹೊಸ ಮಿಕ್ಸಿಯಲ್ಲಿ ಕಾಯಿ, ಹುರಿಗಡಲೆ ರುಬ್ಬುತ್ತಿದ್ದಳು. ಮಿಕ್ಸಿಯ ಸದ್ದು ಒಂದೇ ಸಮನೆ, ಎಲ್ಲಿಯೂ ಏರದೆ, ಎಲ್ಲಿಯೂ ಇಳಿಯದೆ. ಯಮುನಾ ಬಾಗಿಲಲ್ಲಿ ನಿಂತು ಅದನ್ನೇ ಕೇಳಿದಳು.

"ಏನೇ ಹಂಗ್ ನಿಂತ್ಕಂಡೆ? ಒಳಕ್ ಬಾ, ಧೂಳು ಬತ್ತದೆ" ಎಂದಳು ಬೋರಕ್ಕ. ಕರೆಂಟಿನ ಮಾತನ್ನು ಅವಳು ಎತ್ತಲೇ ಇಲ್ಲ. ಅವಳಿಗೆ ಅದು ನೆನಪೇ ಇದ್ದಂತಿರಲಿಲ್ಲ. ನೆರೆಮನೆಯ ಸೊಸೆಯಂದಿರ ಮಾತು, ಯಾರದೋ ಮನೆಯ ಬಾಣಂತನ, ಈ ಸಲದ ಹೆಸರುಕಾಳು, ಇವನ್ನೇ ಹೇಳುತ್ತ ಮಗಳಿಗೆ ರಾಗಿರೊಟ್ಟಿ, ಚಟ್ನಿ ಬಡಿಸಿದಳು.

ಉಂಡು, ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಯಮುನಾ ಅಡ್ಡಾದಳು. ಬೋರಕ್ಕ ಅವಳ ತಲೆಯ ಕೆಳಗೆ ಮಡಿಸಿದ ಒಂದು ಹಳೆಯ ಸೀರೆ ಇಟ್ಟು, ಕಂಬಳಿಯನ್ನು ಕಾಲ ಮೇಲೆ ಎಳೆದಳು. ಎಚ್ಚರವಿದ್ದು ನೋಡಬೇಕಾದ ಪರದೆ ಯಾವುದೂ ಅಲ್ಲಿರಲಿಲ್ಲ. ಅವ್ವ ಇನ್ನೂ ಯಾರದೋ ವಿಷಯ ಹೇಳುತ್ತಲೇ ಇದ್ದಳು. ಹೂಂ ಹೂಂ ಎನ್ನುತ್ತಿದ್ದಂತೆಯೇ ಯಮುನಾಗೆ ನಿದ್ದೆ ಹತ್ತಿತು.